ಡಬ್ಬವೆಂದು ಎಸೆಯಬೇಡಿ, ಅದರ ಹೊಟ್ಟೆಯಲ್ಲಿ ಕನ್ನಡವಿದೆ!

2025ರ ಅಕ್ಟೋಬರ್ ಕೊನೆಯ ವಾರ. ಅಂಬಲಪಾಡಿಯ ನನ್ನ ಪ್ರೆಸ್ಸಿಗೆ ನಾಲ್ಕು ಮಂದಿ ಹುಡುಗರು ಬಂದರು. ಕುತ್ತಿಗೆಯಲ್ಲಿ ಹಳದಿ ಕೆಂಪು ಶಾಲು. ರಾಜ್ಯೋತ್ಸವಕ್ಕೆ ಸಾವಿರ ಕರಪತ್ರ ಬೇಕಿತ್ತು. ಅವರಲ್ಲೊಬ್ಬನ ಕಣ್ಣು ಮೇಜಿನ ಕೆಳಗಿದ್ದ ಕಂಪ್ಯೂಟರಿನ ಮೇಲೆ ಬಿತ್ತು.

"ಎಂತ ಅಣ್ಣ ಇದು? ಇನ್ನೂ ಈ ಡಬ್ಬ ಇಟ್ಟುಕೊಂಡಿದ್ದೀರಾ? ಗುಜರಿಗೆ ಹಾಕಿ ಮಾರಾಯ್ರೆ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಆಯ್ತು, ಮ್ಯಾಟರ್ ಕೊಡಿ" ಎಂದೆ. ಫೋನಿನಿಂದ ಕಳಿಸಿದರು. ತೆರೆದು ನೋಡಿದರೆ ತಾಯಿ ಭುವನೇಶ್ವರಿಗೆ ಜೈಕಾರ, ಕನ್ನಡವೇ ಉಸಿರೆಂಬ ಘೋಷಣೆ, ಕನ್ನಡ ವಿರೋಧಿಗಳಿಗೆ ಎಚ್ಚರಿಕೆ, ಅಷ್ಟೂ ಇಂಗ್ಲಿಷ್ ಅಕ್ಷರದಲ್ಲಿ! ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಅದನ್ನೆಲ್ಲ ಕನ್ನಡಕ್ಕೆ ಇಳಿಸಿಕೊಟ್ಟದ್ದು ಯಾವುದು? ಅದೇ ಡಬ್ಬ!

ಆ ಹುಡುಗರನ್ನು ಬಯ್ಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಒಳ್ಳೆಯ ಹುಡುಗರು. ಸುಡುಬಿಸಿಲಿನಲ್ಲಿ ಬಾವುಟ ಕಟ್ಟುತ್ತಾರೆ, ಕನ್ನಡಕ್ಕೆ ಅವಮಾನವಾದರೆ ಬೀದಿಗಿಳಿಯುತ್ತಾರೆ. ಆದರೆ ಗುಜರಿಗೆ ಹಾಕಿ ಎಂದರಲ್ಲ, ಆ ಪೆಟ್ಟಿಗೆಯ ಕಥೆ ಅವರಿಗೆ ಗೊತ್ತಿಲ್ಲ. ಅವರಿಗೆ ಮಾತ್ರವಲ್ಲ, ಕರ್ನಾಟಕದ ಸಾವಿರಾರು ಕಚೇರಿ, ಶಾಲೆ, ಪ್ರೆಸ್ಸು, ಮನೆಗಳ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆ ಕಂಪ್ಯೂಟರುಗಳ ಬಗ್ಗೆ ನಮಗ್ಯಾರಿಗೂ ಯೋಚನೆಯಿಲ್ಲ. ಅದಕ್ಕೇ ಈ ಬರಹ.

ಒಂದು ಪುಸ್ತಕದ ಕಥೆ

2025ರ ಜೂನ್ ತಿಂಗಳಲ್ಲಿ ಒಬ್ಬ ಹೆಂಗಸು ಪ್ರೆಸ್ಸಿಗೆ ಬಂದರು. ಅವರ ತಂದೆ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದವರು. 2001ರಲ್ಲಿ ಅವರ ಲೇಖನಗಳ ಒಂದು ಪುಸ್ತಕವನ್ನು ನಮ್ಮಲ್ಲೇ ಅಚ್ಚು ಹಾಕಿಸಿದ್ದರು, 96 ಪುಟ. ಮಾಸ್ತರರು ತೀರಿಹೋಗಿ ವರ್ಷವಾಗುತ್ತಾ ಬಂದಿತ್ತು. ವರ್ಷಾಂತಿಕದ ದಿನ ಬಂದವರ ಕೈಗೆ ಆ ಪುಸ್ತಕ ಕೊಡಬೇಕೆಂದು ಮಗಳ ಆಸೆ. "ನಿಮ್ಮಲ್ಲಿ ಫೈಲ್ ಉಂಟಲ್ಲ ಅಣ್ಣ, ಇನ್ನೊಮ್ಮೆ ಪ್ರಿಂಟ್ ಹಾಕಿದರೆ ಆಯ್ತು" ಎಂದರು. "ಉಂಟು" ಎಂದು ನಾನೂ ಧೈರ್ಯವಾಗಿ ಹೇಳಿಬಿಟ್ಟೆ.

ಸೀಡಿ ಸಿಕ್ಕಿತು. ನಮ್ಮಲ್ಲಿ ಡಿಸೈನ್ ಮಾಡುವ ಹುಡುಗಿಯ ಹೊಸ ಲ್ಯಾಪ್‌ಟಾಪಿಗೆ ಫೈಲ್ ಹಾಕಿ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳಿಗೆ ಟೋಪಿ ಹಾಕಿದ ಹಾಗೆ, ಬಾಲ ಅಂಟಿಸಿದ ಹಾಗೆ, ನಡುನಡುವೆ ಚುಕ್ಕೆ, ಸೊಟ್ಟ ಗೆರೆ. 96 ಪುಟವೂ ಹೀಗೇ. ಆ ಹೆಂಗಸು ಪರದೆಯನ್ನೇ ನೋಡುತ್ತಾ ನಿಂತರು. "ಅಪ್ಪ ಬರೆದದ್ದು ಹೋಯಿತಾ?" ಎಂದು ಕೇಳಿದರು. ನನಗೆ ಉತ್ತರ ಬರಲಿಲ್ಲ.

ಕೊನೆಗೆ ಆ ಫೈಲನ್ನು ಕನ್ನಡವಾಗಿ ತೋರಿಸಿದ್ದು ಮೂಲೆಯ ಹಳೆ ಡಬ್ಬ. 2011ರಲ್ಲಿ ಕೊಂಡದ್ದು, ಎರಡನೇ ತಲೆಮಾರಿನ ಐ3, 2 ಜಿಬಿ ಮೆಮೊರಿ. ಹಿಂದೆ ಪುಸ್ತಕ ಕಟ್ಟಲು ಬಳಸುತ್ತಿದ್ದ ಪೇಜ್‌ಮೇಕರ್ ಅದರಲ್ಲಿತ್ತು. ದುಡ್ಡು ಕೊಟ್ಟು ಕೊಂಡ ಹಳೆ ಕನ್ನಡ ಅಕ್ಷರಗಳೂ, ಅವು ತೆರೆದುಕೊಳ್ಳಬೇಕಾದರೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಬೇಕಾದ ಬೀಗವೂ ಅದರಲ್ಲೇ ಇದ್ದವು. ಹೊಸ ಯಂತ್ರಗಳಲ್ಲಿ ಆ ಪೋರ್ಟೇ ಇಲ್ಲ. ಬೀಗ ಹಾಕುವ ಬಾಗಿಲೇ ಇಲ್ಲದ ಮೇಲೆ ಕೀಲಿಕೈ ಇದ್ದು ಏನು ಪ್ರಯೋಜನ?

ಫೈಲೇನೋ ತೆರೆಯಿತು. ಆದರೆ ಅದನ್ನು ಯೂನಿಕೋಡಿಗೆ ಬದಲಿಸಿ, ಕರಡು ತಿದ್ದಿ, ಹೊಸದಾಗಿ ಪುಟ ಕಟ್ಟಬೇಕು. ಒಂದು ಕಡೆ ಹಳೆ ಪುಟ, ಇನ್ನೊಂದು ಕಡೆ ಅಕ್ಷರ ಬದಲಿಸುವ ಪರಿವರ್ತಕ, ಮತ್ತೊಂದು ಕಡೆ ಹೊಸ ಫೈಲು, ಮೂರನ್ನೂ ಒಟ್ಟಿಗೆ ತೆರೆದಿಡಬೇಕು. ಮೂರನೆಯದನ್ನು ತೆರೆಯುತ್ತಲೇ ಯಂತ್ರ ನಿಂತೇ ಹೋಗುತ್ತಿತ್ತು. ಇಲಿಯನ್ನು ಆಡಿಸಿದರೆ ಬಾಣ ಅಲ್ಲಾಡದು. ಚಹಾ ಕುಡಿದು ಬಂದರೂ ಹಾಗೇ.

ಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ ಕೇಳಿದೆ. ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಯದೆ ಅಲ್ಲಿಯವರು ತೀರ್ಪು ಕೊಟ್ಟರು: "ಇದು ಹಳತಾಯಿತು ಸಾರ್, ಹೊಸದು ತೆಗೆದುಕೊಳ್ಳಿ, 58 ಸಾವಿರಕ್ಕೆ ಮಾಡಿಕೊಡುವ."

58 ಸಾವಿರ! ಮದುವೆ ಕಾಗದ, ಯಕ್ಷಗಾನದ ಕರಪತ್ರ, ಬಿಲ್ ಪುಸ್ತಕ ಅಚ್ಚು ಹಾಕಿ ಬದುಕುವವನಿಗೆ ಅದೆಷ್ಟು ತಿಂಗಳ ಸಂಪಾದನೆ? ಅಷ್ಟು ಸುರಿದರೂ ಆ ಹೊಸ ಯಂತ್ರ ಮಾಸ್ತರರ ಪುಸ್ತಕವನ್ನು ತೆರೆಯುವುದಿಲ್ಲ.

ಆಗ ನಮ್ಮ ಹುಡುಗಿ ಹೇಳಿದಳು, "ಅಣ್ಣ, ಇದಕ್ಕೆ ಬೇರೇನೂ ಆಗಿಲ್ಲ. ಮೆಮೊರಿ ಕಡಿಮೆ, ಅಷ್ಟೆ. ಒಮ್ಮೆ ಹಾಕಿ ನೋಡುವ."

ಮೆಮೊರಿ ಎಂದರೆ ಮೇಜು

ನನ್ನ ಓದು ಪಿಯುಸಿಗೆ ನಿಂತದ್ದು. ಆದರೂ ಈ ಮೆಮೊರಿಯ ವಿಷಯ ನನಗೆ ಬೇಗ ತಲೆಗೆ ಹೋಯಿತು. ಯಾಕೆಂದರೆ ನಾನು ಮೊಳೆ ಜೋಡಿಸುವುದನ್ನು ನೋಡಿ ಬೆಳೆದವನು.

ಅಪ್ಪನ ಕಾಲದ ಪ್ರೆಸ್ಸಿನಲ್ಲಿ ಗೋಡೆಯ ಉದ್ದಕ್ಕೂ ಮರದ ಕೇಸುಗಳು. ಇಂಗ್ಲಿಷಿನ ಹಾಗೆ 26 ಅಕ್ಷರಕ್ಕೆ ಮುಗಿಯುವ ಭಾಷೆ ನಮ್ಮದಲ್ಲ. ಗುಣಿತಾಕ್ಷರ ಬೇರೆ, ಒತ್ತಕ್ಷರ ಬೇರೆ. ಅದಕ್ಕೆ ನೂರಾರು ಮನೆಗಳು. ಜೋಡಿಸಿದ ಸಾಲುಗಳನ್ನು ಗ್ಯಾಲಿಯಲ್ಲಿಟ್ಟು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದರು. ಮೇಜು ದೊಡ್ಡದಿದ್ದರೆ ಎಂಟು ಪುಟವನ್ನು ಒಟ್ಟಿಗೆ ಹರಡಿ ಕೆಲಸ ಮಾಡಬಹುದು. ಮೇಜು ಚಿಕ್ಕದಾದರೆ? ಎರಡು ಪುಟ ಮೇಲಿಟ್ಟು, ಉಳಿದದ್ದನ್ನು ಒಳಗಿನ ಕೋಣೆಯ ಕಪಾಟಿನಲ್ಲಿಡಬೇಕು. ಮೂರನೇ ಪುಟ ಬೇಕಾದಾಗ ಒಂದನ್ನು ಒಳಗಿಟ್ಟು ಇನ್ನೊಂದನ್ನು ತರಬೇಕು. ಕಂಪೋಸಿಟರನ ಅರ್ಧ ದಿನ ನಡೆಯುವುದರಲ್ಲೇ ಹೋಗುತ್ತದೆ.

ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕು ಕಪಾಟು, ಮೆಮೊರಿ ಮೇಜು. ಮೇಜು ತುಂಬಿದೊಡನೆ ಯಂತ್ರ ಸಾಮಾನನ್ನು ಕಪಾಟಿಗೆ ಸಾಗಿಸುತ್ತದೆ, ಬೇಕಾದಾಗ ವಾಪಸು ತರುತ್ತದೆ. ಮುಂದುಗಡೆಯ ಚಿಕ್ಕ ದೀಪ ಬಿಡದೆ ಮಿನುಗುವುದು ಆ ಓಡಾಟಕ್ಕೇ. ಹಳೆ ಹಾರ್ಡ್ ಡಿಸ್ಕು ಮೆಮೊರಿಗಿಂತ ಸಾವಿರಾರು ಪಟ್ಟು ನಿಧಾನ. ಯಂತ್ರಕ್ಕೆ ಮುಪ್ಪು ಬಂದಿದೆ ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ಇಕ್ಕಟ್ಟಿನಲ್ಲಿ ಏಗುತ್ತಿರುತ್ತದೆ.

ನಾವು ಮಾಡಿದ್ದು ಇಷ್ಟೆ. 2 ಜಿಬಿಯ ಕಡ್ಡಿ ತೆಗೆದು, ಬಳಸಿದ 4 ಜಿಬಿಯ ಎರಡು ಕಡ್ಡಿ ಹಾಕಿದೆವು, ಒಟ್ಟು 8 ಜಿಬಿ. ಎರಡಕ್ಕೂ ಸೇರಿ 1,300 ರೂಪಾಯಿ. ಜೊತೆಗೆ 1,700 ರೂಪಾಯಿಯ ಒಂದು ಎಸ್‌ಎಸ್‌ಡಿ. ಹಳೆ ಹಾರ್ಡ್ ಡಿಸ್ಕನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡೆವು. ಹಳೆ ಫೈಲ್ ಬೇಕಾದಾಗ ಅದರಿಂದ ಯಂತ್ರ ಏಳುತ್ತದೆ, ಆಗ ಇಂಟರ್ನೆಟ್ ವಯರನ್ನು ಕಿತ್ತಿಡುತ್ತೇವೆ. ಉಳಿದ ದಿನ ಎಸ್‌ಎಸ್‌ಡಿಯಲ್ಲಿರುವ ಲಿನಕ್ಸ್ ಮಿಂಟ್. ಅದಕ್ಕೆ ಬಿಡಿಗಾಸೂ ಕೊಡಬೇಕಾಗಿಲ್ಲ.

58 ಸಾವಿರದ ಮಾತು 3 ಸಾವಿರಕ್ಕೆ ಮುಗಿಯಿತು!

ಪುಸ್ತಕದ ಹಳೆ ಪಠ್ಯವನ್ನು ಪರಿವರ್ತಕಕ್ಕೆ ಹಾಕಿದೆವು. ಮುಕ್ಕಾಲು ಪಾಲು ಸರಿಯಾಗಿ ಬಂತು. ಅರ್ಕಾವತ್ತು ಹಲವು ಕಡೆ ತಪ್ಪು ಅಕ್ಷರದ ಮೇಲೆ ಕೂತಿತ್ತು, ಕೆಲವು ಒತ್ತಕ್ಷರ ಬಿದ್ದು ಹೋಗಿತ್ತು. ಹನ್ನೆರಡು ರಾತ್ರಿ ಕೂತು ಕರಡು ತಿದ್ದಿದೆವು. ವರ್ಷಾಂತಿಕದ ಹಿಂದಿನ ಸಂಜೆ 200 ಪ್ರತಿ ಕಟ್ಟಿ ಕೊಟ್ಟೆ. ಆ ಹೆಂಗಸು ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು.

ಆದರೆ ಅದೇ ಕಪಾಟಿನಲ್ಲಿ ಇನ್ನೊಂದು ಸೀಡಿ ಇತ್ತು. 1998ರಲ್ಲಿ ಒಂದು ಕನ್ನಡ ಶಾಲೆಯ ನೂರರ ಹಬ್ಬಕ್ಕೆ ಮಾಡಿದ ಸ್ಮರಣ ಸಂಚಿಕೆ. ಹಳೆ ವಿದ್ಯಾರ್ಥಿಗಳ ಬರಹ, ಊರಿನ ಕಥೆ, ಹೆಸರುಗಳ ಪಟ್ಟಿ ಎಲ್ಲವೂ ಅದರಲ್ಲಿತ್ತು. ನಮ್ಮ ಕರಾವಳಿಯ ತೇವಕ್ಕೆ ಬೂಸ್ಟು ಹಿಡಿದು ಅದರ ಹೊಳಪೇ ಹೋಗಿತ್ತು. ಯಾವ ಯಂತ್ರವೂ ಅದನ್ನು ಓದಲಿಲ್ಲ. ಅಚ್ಚಾದ ಪ್ರತಿಯೂ ನನ್ನಲ್ಲಿ ಉಳಿದಿಲ್ಲ. ಇದಕ್ಕೆ ದಿಲ್ಲಿಯನ್ನೂ ಬಯ್ಯಲಾರೆ, ಬೆಂಗಳೂರನ್ನೂ ಬಯ್ಯಲಾರೆ. ನಾಲ್ಕು ವರ್ಷಕ್ಕೊಮ್ಮೆ ಅದನ್ನು ಬೇರೆ ಡಿಸ್ಕಿಗೆ ನಕಲು ಮಾಡಬೇಕಿತ್ತು, ಮಾಡಲಿಲ್ಲ. ತಪ್ಪು ನನ್ನದು.

ವೇಷ ಕಳಚಿದ ಕನ್ನಡ

ಯಾಕೆ ಹೀಗಾಯಿತು? ಇದನ್ನು ಪ್ರತಿಯೊಬ್ಬ ಕನ್ನಡದ ಹುಡುಗನೂ ಹುಡುಗಿಯೂ ತಿಳಿಯಬೇಕು.

ಡಿಟಿಪಿ ಬಂದ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಬುದ್ಧಿವಂತರು ಒಂದು ಉಪಾಯ ಮಾಡಿದರು. ಒಳಗೆ ಇಂಗ್ಲಿಷಿನ ಸಂಕೇತವನ್ನೇ ಇಟ್ಟು, ಮೇಲೆ ಕನ್ನಡದ ಆಕಾರ ತೋರಿಸುವ ಅಕ್ಷರ ಮಾಡಿದರು. ಯಕ್ಷಗಾನದ ವೇಷದ ಹಾಗೆ. ಕಿರೀಟ, ಬಣ್ಣ ಇರುವ ತನಕ ಅವನು ಅರ್ಜುನ, ಕಳಚಿದರೆ ಬೇರೆಯೇ ಮನುಷ್ಯ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಂದು ಹಲವು ತಂತ್ರಾಂಶಗಳು. ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ತೆರೆಯದು. ಆ ಉಪಾಯ ಮಾಡಿದವರನ್ನು ನಾನು ದೂರುವುದಿಲ್ಲ. ಅವರಿಲ್ಲದಿದ್ದರೆ ಕನ್ನಡದ ಪತ್ರಿಕೆ, ಪುಸ್ತಕಗಳು ಆ ಕಾಲವನ್ನು ದಾಟುತ್ತಿರಲಿಲ್ಲ. 1998ರಲ್ಲಿ ಬಂದ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಮನೆಮನೆಗೆ ಕನ್ನಡ ಟೈಪಿಂಗನ್ನು ತಲುಪಿಸಿದವು.

ನಮ್ಮ ಕರಾವಳಿಯವರೇ ಆದ ಕೆ.ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸ ಮಾಡಿ, ಕನ್ನಡದ ಉಚ್ಚಾರಣೆಯ ಕ್ರಮದಲ್ಲೇ ಟೈಪ್ ಮಾಡುವ ದಾರಿ ತೋರಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದೇ ಹೆಸರಿಟ್ಟರು. ನಾವು ಹಾಕಿಕೊಂಡ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ 'ಕಗಪ' ಎಂಬ ಹೆಸರು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಜಗತ್ತಿನ ಯಾವ ಮೂಲೆಯಲ್ಲಿ ಲಿನಕ್ಸ್ ಹಾಕಿದರೂ ಕನ್ನಡ ಗಣಕ ಪರಿಷತ್ತಿನ ಆ ಮೂರಕ್ಷರ ಅಲ್ಲಿರುತ್ತದೆ!

1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತು. 3200ರಿಂದ 3327ರ ವರೆಗೆ 128 ಮನೆಗಳು ನಮ್ಮವು. 'ಕ'ಕಾರಕ್ಕೆ 3221. ಅದು ಉಡುಪಿಯಲ್ಲೂ 'ಕ', ಅಮೆರಿಕದಲ್ಲೂ 'ಕ', ಇನ್ನೂ ಐವತ್ತು ವರ್ಷ ಕಳೆದರೂ 'ಕ'. ವೇಷವೂ ಬೇಡ, ಬೀಗವೂ ಬೇಡ.

ಹಾಗಾದರೆ ಪ್ರೆಸ್ಸಿನವರು ಅಂದೇ ಯಾಕೆ ಯೂನಿಕೋಡಿಗೆ ಬರಲಿಲ್ಲ? ಬಡತನಕ್ಕೆ! 2001ರ ಪೇಜ್‌ಮೇಕರ್ 7 ಆ ತಂತ್ರಾಂಶದ ಕೊನೆಯ ಆವೃತ್ತಿ, ಅದಕ್ಕೆ ಯೂನಿಕೋಡ್ ಬಾರದು. ಇನ್‌ಡಿಸೈನಿಗೆ ಭಾರತದ ಲಿಪಿಗಳ ಬೆಂಬಲ ಬಂದದ್ದು 2012ರ ಸಿಎಸ್6ರಲ್ಲಿ. ಅದು ಓಡಬೇಕಾದರೆ ದೊಡ್ಡ ಮೆಮೊರಿಯ ಯಂತ್ರ ಬೇಕು, ದುಬಾರಿ ಪರವಾನಗಿ ಬೇಕು. 1 ಜಿಬಿ, 2 ಜಿಬಿಯ ಯಂತ್ರ ಇಟ್ಟುಕೊಂಡ ಸಣ್ಣ ಪ್ರೆಸ್ಸಿನವನು ಅಲ್ಲೇ ಉಳಿದ. ಅವನೊಂದಿಗೆ ಅವನ ಹತ್ತಿರವಿದ್ದ ಕನ್ನಡವೂ ಅಲ್ಲೇ ಉಳಿಯಿತು. ಇವತ್ತು ಸ್ಕ್ರೈಬಸ್, ಲಿಬ್ರೆಆಫೀಸ್ ಉಚಿತವಾಗಿ ಸಿಗುತ್ತವೆ, ಕನ್ನಡ ಅಕ್ಷರಗಳೂ ಉಚಿತ. ನಡುವೆ ಉಳಿದಿರುವ ಅಡ್ಡಗೋಡೆ ಮೆಮೊರಿ ಮತ್ತು ಡಿಸ್ಕು ಮಾತ್ರ.

ಒಂದು ಲೆಕ್ಕ ಹೇಳುತ್ತೇನೆ. ಕಿಟ್ಟೆಲರ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು 1894ರಲ್ಲಿ. ಆ ಪ್ರತಿ ಸಿಕ್ಕಿದರೆ ಈಗಲೂ ತೆರೆದು ಓದಬಹುದು. ನಾನು 2001ರಲ್ಲಿ ಮಾಡಿದ ಫೈಲು 24 ವರ್ಷಕ್ಕೆ ಓದಲಾಗದೆ ಹೋಯಿತು! ಸೀಸದ ಮೊಳೆ ಬಾಳಿದಷ್ಟು ನಮ್ಮ ಕಂಪ್ಯೂಟರ್ ಬಾಳಲಿಲ್ಲವಲ್ಲ? ಇದು ಕನ್ನಡಕ್ಕೆ ಮಾತ್ರ ಬಂದ ಕಷ್ಟವೂ ಅಲ್ಲ. ನಮ್ಮ ಮನೆಮಾತು ತುಳು. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿಗೆ ಸೇರಿದ್ದು ಹೆಮ್ಮೆ. ಆದರೆ ಕನ್ನಡ ಲಿಪಿಯಲ್ಲಿ ಡಿಟಿಪಿ ಮಾಡಿದ ಎಷ್ಟೋ ತುಳು ಪುಸ್ತಕಗಳು, ಪಾಡ್ದನಗಳು ಇದೇ ಹಳೆ ಅಕ್ಷರಗಳ ಸೆರೆಯಲ್ಲಿವೆ.

ನೀವೇ ಮಾಡಿ, ಹೆದರಬೇಡಿ

ಮೆಮೊರಿ ಹಾಕುವುದು ದೊಡ್ಡ ವಿದ್ಯೆಯಲ್ಲ. ನಮ್ಮ ಹುಡುಗಿ ಹತ್ತು ನಿಮಿಷದಲ್ಲಿ ಮುಗಿಸಿದಳು. ಆದರೆ ಕ್ರಮ ತಿಳಿದಿರಬೇಕು. ಕನ್ನಡದಲ್ಲಿ ಇದನ್ನು ಬರೆದು ಕೊಡುವವರು ಕಡಿಮೆ, ಅದಕ್ಕೆ ನಾನೇ ಬರೆಯುತ್ತೇನೆ.

ಮೊದಲು ರೋಗ ಯಾವುದೆಂದು ನೋಡಿ. ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ದಿನದ ಕೆಲಸ ಮಾಡುತ್ತಿರುವಾಗ ಮೆಮೊರಿ ಶೇ. 85, 90ರ ಮೇಲೆ ನಿಂತಿದ್ದರೆ ಮೇಜು ಸಾಲದು ಎಂದರ್ಥ. ಅರ್ಧವೂ ತುಂಬಿಲ್ಲದಿದ್ದರೆ ಮೆಮೊರಿ ಹಾಕಿ ಪ್ರಯೋಜನವಿಲ್ಲ, ಡಿಸ್ಕನ್ನು ನೋಡಿ.

ಎರಡನೆಯದು, ಜಾತಿ ನೋಡಿ. ಮನುಷ್ಯರಲ್ಲಿ ಬೇಡ, ಮೆಮೊರಿಯಲ್ಲಿ ನೋಡಲೇಬೇಕು! ಡಿಡಿಆರ್2, ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕಡ್ಡಿಯ ಕೆಳಗಿನ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ವೋಲ್ಟೇಜೂ ಬೇರೆ: ಡಿಡಿಆರ್2ಕ್ಕೆ 1.8, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2. ಲ್ಯಾಪ್‌ಟಾಪಿನ ಕಡ್ಡಿ ಗಿಡ್ಡ, ಡೆಸ್ಕ್‌ಟಾಪಿಗೆ ಆಗದು. ಕೂರದಿದ್ದರೆ ಬಲ ಪ್ರಯೋಗ ಬೇಡ. ಹಳೆ ಕಡ್ಡಿಯನ್ನೇ ಅಂಗಡಿಗೆ ಒಯ್ದು ತೋರಿಸುವುದು ಉತ್ತಮ. ಮದರ್‌ಬೋರ್ಡಿನ ಮೇಲೆ ಅದರ ಹೆಸರಿರುತ್ತದೆ, ಆ ಬೋರ್ಡು ಗರಿಷ್ಠ ಎಷ್ಟು ಮೆಮೊರಿ ತಡೆಯುತ್ತದೆ ಎಂದು ನೋಡಿಕೊಳ್ಳಿ. ಎರಡು ಜಾಗವಿದ್ದರೆ ಒಂದೇ ಅಳತೆಯ ಎರಡು ಕಡ್ಡಿ ಹಾಕಿದರೆ ವೇಗ ಹೆಚ್ಚು.

ಮೂರನೆಯದು, 32 ಬಿಟ್ಟಿನ ವಿಂಡೋಸ್ ಇದ್ದರೆ 4 ಜಿಬಿಯ ಆಚೆಗೆ ಎಷ್ಟು ಹಾಕಿದರೂ ಅದಕ್ಕೆ ಕಾಣುವುದಿಲ್ಲ. 64 ಬಿಟ್ಟಿನದು ಬೇಕು. ನಮ್ಮ ಹಳೆ ಡಿಸ್ಕು 32 ಬಿಟ್ಟಿನದು, ಎಸ್‌ಎಸ್‌ಡಿ ಹಾಕಲು ಅದೂ ಒಂದು ಕಾರಣ.

ನಾಲ್ಕನೆಯದು, ಹಾಕುವ ಕ್ರಮ. ಯಂತ್ರ ಬಂದ್ ಮಾಡಿ, ಪ್ಲಗ್ಗನ್ನೇ ಕಿತ್ತು, ಪೆಟ್ಟಿಗೆಯ ಬರಿ ಲೋಹವನ್ನು ಒಮ್ಮೆ ಮುಟ್ಟಿ. ಮೈಯಲ್ಲಿರುವ ವಿದ್ಯುತ್ತು ಅಲ್ಲಿ ಇಳಿಯಲಿ. ಎರಡೂ ಬದಿಯ ಕ್ಲಿಪ್ಪು ಬಿಡಿಸಿ, ಕಚ್ಚು ಸರಿಹೊಂದಿಸಿ, ಟಕ್ ಎಂಬ ಶಬ್ದ ಬರುವಷ್ಟು ಒತ್ತಿ.

ಸ್ವಿಚ್ ಹಾಕಿದಾಗ ಯಂತ್ರ ಬೀಪ್ ಬೀಪ್ ಎಂದು ಕೂಗಿಕೊಂಡರೆ ಗಾಬರಿಯಾಗಬೇಡಿ. ನಮ್ಮದೂ ಕೂಗಿತು. ಸಮುದ್ರದ ಉಪ್ಪು ಗಾಳಿಗೆ, ಆಷಾಢದ ತೇವಕ್ಕೆ ಕಡ್ಡಿಯ ಚಿನ್ನದ ಬಣ್ಣದ ಹಲ್ಲುಗಳಲ್ಲಿ ಮಂಕು ಹಿಡಿಯುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲನೆ ಉಜ್ಜಿ, ಪುಡಿ ಕೊಡವಿ ಮತ್ತೆ ಹಾಕಿದೆವು. ಎದ್ದು ಕೂತಿತು! ಬಳಸಿದ ಕಡ್ಡಿ ಕೊಂಡರೆ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ ಪರೀಕ್ಷೆ ಮಾಡಿ, ತಪ್ಪು ತೋರಿಸಿದರೆ ಬೆಳಿಗ್ಗೆ ವಾಪಸು ಕೊಡಿ.

ಮೆಮೊರಿ ಸರ್ವರೋಗಕ್ಕೂ ಮದ್ದು ಎಂದು ನಾನು ಹೇಳುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಳೆ ಪ್ರೊಸೆಸರುಗಳಿಗೆ ಅಧಿಕೃತವಾಗಿ ಬರುವುದೇ ಇಲ್ಲ, ಎಷ್ಟು ಜಿಬಿ ಹಾಕಿದರೂ ಅಷ್ಟೆ. ಕೆಲಸಕ್ಕೆ ಯಾವ ದೋಷವೂ ಇಲ್ಲದ ಯಂತ್ರಗಳು ಒಂದೇ ದಿನದಲ್ಲಿ ಹಳತಾಗುವುದು ಹೀಗೆ. ಅಂಥವಕ್ಕೆ ಲಿನಕ್ಸೇ ದಾರಿ. ಮಿಂಟಿಗೆ 4 ಜಿಬಿ ಇದ್ದರೆ ಆರಾಮ.

ತೆರಿಗೆ ನಮ್ಮದು, ಭಾಷೆ ಯಾರದು?

ಮೆಮೊರಿ ಕಡ್ಡಿಯ ಜೊತೆ ಬಂದಿದ್ದ ಕಾಗದವನ್ನು ನಾನು ಇಟ್ಟುಕೊಂಡಿದ್ದೇನೆ. ಹಲವು ದೇಶಗಳ ಭಾಷೆಯಲ್ಲಿ ಸೂಚನೆ ಅಚ್ಚಾಗಿದೆ. ಕನ್ನಡವಿಲ್ಲ. ನಮಗಿಂತ ಕಡಿಮೆ ಜನ ಆಡುವ ಭಾಷೆಗಳೂ ಅದರಲ್ಲಿವೆ! ಹೊಸ ಬಿಡಿಭಾಗ ಕೊಂಡರೆ ಶೇ. 18 ಜಿಎಸ್‌ಟಿ ಕಟ್ಟುತ್ತೇವೆ. ಕಟ್ಟಿಸಿಕೊಳ್ಳುವಾಗ ಯಾರೂ ನಮ್ಮ ಭಾಷೆ ಕೇಳುವುದಿಲ್ಲ.

ಆದರೆ ಗೆಳೆಯರೇ, ಇನ್ನೊಂದು ಸತ್ಯವನ್ನೂ ನುಂಗಿಕೊಳ್ಳಬೇಕು. ವಿಂಡೋಸಿಗೆ ಕನ್ನಡದ ಮುಖ ಬಂದು ವರ್ಷಗಳೇ ಆದವು. ಫೈರ್‌ಫಾಕ್ಸ್ ಕನ್ನಡದಲ್ಲಿದೆ, ಲಿಬ್ರೆಆಫೀಸ್ ಕನ್ನಡದಲ್ಲಿದೆ. ಕನ್ನಡದ ಹುಡುಗರು ಸಂಬಳವಿಲ್ಲದೆ ಕೂತು ಅನುವಾದಿಸಿದ ಕೆಲಸ ಅದರಲ್ಲಿದೆ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಹಾಕಿಕೊಂಡಿದ್ದೇವೆ? ಬಳಸುವವರಿಲ್ಲದ ಅಂಗಡಿಯನ್ನು ಯಾವ ಕಂಪನಿ ತೆರೆದಿಡುತ್ತದೆ?

2024ರ ತಿದ್ದುಪಡಿಯಿಂದ ನಾಮಫಲಕದಲ್ಲಿ ಶೇ. 60 ಕನ್ನಡ ಇರಲೇಬೇಕೆಂದು ಕಾನೂನಾಯಿತು. ಅದಕ್ಕಾಗಿ ಲಾಠಿ ತಿಂದವರು, ಜೈಲಿಗೆ ಹೋದವರು ಇದ್ದಾರೆ, ಅವರಿಗೆ ನನ್ನ ನಮಸ್ಕಾರ. ಆದರೆ ಫಲಕ ಇರುವುದು ಅಂಗಡಿಯ ಹೊರಗೆ. ಒಳಗೆ ಬಿಲ್ಲು ಯಾವ ಭಾಷೆಯಲ್ಲಿದೆ? ಕಡತ ಯಾವ ಅಕ್ಷರದಲ್ಲಿದೆ? ನಿಮ್ಮ ಸಂಘದ ಹತ್ತು ವರ್ಷದ ನಡಾವಳಿ ಯಾವ ಡಿಸ್ಕಿನಲ್ಲಿದೆ, ಅದು ಇವತ್ತು ತೆರೆಯುತ್ತದೆಯೇ? ಹೊರಗೆ ಶೇ. 60 ಗೆದ್ದು, ಒಳಗೆ ನೂರಕ್ಕೆ ನೂರು ಕಳೆದುಕೊಂಡರೆ ಅದು ಎಂಥ ಗೆಲುವು?

ಕಾಲವೂ ನಮ್ಮನ್ನು ಕಾಯುವುದಿಲ್ಲ. ಜಗತ್ತಿನ ಮೆಮೊರಿಯಲ್ಲಿ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳ ಕೈಯಲ್ಲಿದೆ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಮೆಮೊರಿ ಸಾಲದೆ ಬಂದು 2025ರ ಕೊನೆಯ ಹೊತ್ತಿಗೆ ಬೆಲೆ ಮೇಲಕ್ಕೆ ಹಾರಿತು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ಸಾಮಾನ್ಯ ಗಿರಾಕಿಗಳಿಗೆ ಕ್ರೂಶಿಯಲ್ ಹೆಸರಿನಲ್ಲಿ ಮಾರುತ್ತಿದ್ದ ವ್ಯಾಪಾರವನ್ನೇ ಬಿಡುವುದಾಗಿ ಸಾರಿತು. ದೊಡ್ಡವರ ಹಸಿವು ಮುಗಿಯುವ ತನಕ ಸಣ್ಣವರು ಕಾಯಬೇಕು. ಇಂಥ ಹೊತ್ತಿನಲ್ಲಿ ಕೈಯಲ್ಲಿರುವ ಯಂತ್ರವನ್ನು, ಅದರೊಳಗಿನ ಕಡ್ಡಿಯನ್ನು ಗುಜರಿಗೆ ಹಾಕುವುದು ದಡ್ಡತನ.

ನನ್ನ ಕೇಳಿಕೆ ಇಷ್ಟೆ

ಸರ್ಕಾರಕ್ಕೆ ಎರಡು ಮಾತು. ಕಚೇರಿಗಳಲ್ಲಿ ಹಳೆ ಕಂಪ್ಯೂಟರ್ ವಿಲೇವಾರಿ ಮಾಡುವ ಮೊದಲು ಅದರಲ್ಲಿರುವ ಕನ್ನಡ ಕಡತಗಳನ್ನು ಯೂನಿಕೋಡಿಗೆ ತನ್ನಿ. ಆಮೇಲೆ ಕೆಲಸಕ್ಕೆ ಬರುವ ಯಂತ್ರಗಳಿಗೆ ಮೆಮೊರಿ ಹಾಕಿ ಕನ್ನಡ ಶಾಲೆಗಳಿಗೆ ಕೊಡಿ. ಮಕ್ಕಳು ಕನ್ನಡದ ಮುಖವಿರುವ ಕಂಪ್ಯೂಟರನ್ನೇ ಮೊದಲು ನೋಡಲಿ.

ಪ್ರೆಸ್ಸಿನ ನನ್ನ ಬಂಧುಗಳಿಗೆ ಒಂದು ಮಾತು. ನಿಮ್ಮ ಕಪಾಟಿನಲ್ಲಿರುವ ಸೀಡಿಗಳಲ್ಲಿ ನಿಮ್ಮ ಊರಿನ ಚರಿತ್ರೆಯಿದೆ. ಬೂಸ್ಟು ಹಿಡಿಯುವ ಮೊದಲು ತೆಗೆಯಿರಿ. ಹಳೆ ಬೀಗ ಕೆಲಸ ಮಾಡುತ್ತಿರುವಾಗಲೇ ಫೈಲುಗಳನ್ನು ಬದಲಿಸಿ, ಎರಡು ಕಡೆ ನಕಲು ಇಡಿ. ನನ್ನ ಹಾಗೆ ಕಳೆದುಕೊಂಡ ಮೇಲೆ ತಲೆ ಚಚ್ಚಿಕೊಳ್ಳಬೇಡಿ.

ಹುಡುಗರೇ, ನಿಮಗೆ ಹೇಳುವುದು ಹೆಚ್ಚಿದೆ. ಮುಂದಿನ ರಾಜ್ಯೋತ್ಸವಕ್ಕೆ ಬಾವುಟ ಕಟ್ಟಿ, ಮೆರವಣಿಗೆ ಮಾಡಿ. ಜೊತೆಗೆ ಒಂದು ಭಾನುವಾರ ನಿಮ್ಮ ಊರಿನ ಶಾಲೆಯಲ್ಲಿ ಸೇರಿ. ನಾಲ್ಕು ಸ್ಕ್ರೂ ಡ್ರೈವರ್, ಒಂದು ಬ್ರಷ್, ಒಂದು ರಬ್ಬರು ಸಾಕು. ಊರಿನವರು ಹಳೆ ಕಂಪ್ಯೂಟರ್ ತರಲಿ. ಧೂಳು ತೆಗೆಯಿರಿ, ಮೆಮೊರಿ ಹಾಕಿ, ಕನ್ನಡ ಕೀಲಿಮಣೆ ಹಾಕಿಕೊಡಿ, ಹಳೆ ಬರಹಗಳನ್ನು ಯೂನಿಕೋಡಿಗೆ ಬದಲಿಸಿಕೊಡಿ. ನಿಮ್ಮ ಸಂಘದ ಹೆಸರು ಆ ಮನೆಗಳಲ್ಲಿ ಉಳಿಯುತ್ತದೆ. ಮತ್ತೆ, ಕರಪತ್ರದ ಮ್ಯಾಟರನ್ನು ದಯವಿಟ್ಟು ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿ ತನ್ನಿ!

ಅಂದ ಹಾಗೆ, ಆ ದಿನ ಗುಜರಿಗೆ ಹಾಕಿ ಎಂದಿದ್ದ ಹುಡುಗ ನವೆಂಬರಿನಲ್ಲಿ ಮತ್ತೆ ಬಂದ. ಕೈಯಲ್ಲೊಂದು ಚೀಲ, ಅದರಲ್ಲಿ ಅವನ ಅಜ್ಜನ ಹಳೆ ಸಿಪಿಯು. "ಅಜ್ಜ ಇದರಲ್ಲಿ ಏನೋ ಬರೆದಿಟ್ಟಿದ್ದರಂತೆ ಅಣ್ಣ. ಆನ್ ಆಗುತ್ತದೆ, ತುಂಬ ನಿಧಾನ. ಒಮ್ಮೆ ನೋಡ್ತೀರಾ?" ಎಂದ.

ಸ್ಕ್ರೂ ಡ್ರೈವರನ್ನು ಅವನ ಕೈಗೇ ಕೊಟ್ಟೆ.

ಸಿರಿಗನ್ನಡಂ ಗೆಲ್ಗೆ!